‘ಉಪಯೋಗ: ಇಲ್ಲ’ ಎಂದು ಬರೆದ ತಪ್ಪಿಗೆ

ಮಾನ್ಯ ಪ್ರಾಣಿ ಕಲ್ಯಾಣಾಧಿಕಾರಿಗಳೇ,

ನೀವು ನನ್ನ ಕತ್ತೆಯನ್ನು ಹರಾಜು ಹಾಕಲು ಹೊರಟಿದ್ದೀರಿ. ನಾನು ಅವಳನ್ನು ಹೊಡೆದೆನೆಂದಲ್ಲ, ಉಪವಾಸ ಕೆಡವಿದೆನೆಂದಲ್ಲ, ಬಿಸಿಲಲ್ಲಿ ಕಟ್ಟಿಹಾಕಿದೆನೆಂದೂ ಅಲ್ಲ. ಅವಳಿಂದ ಕೆಲಸ ಮಾಡಿಸುವುದನ್ನು ನಿಲ್ಲಿಸಿದೆನೆಂದು! ಕಳೆದ ವಾರದ ಸೋಮವಾರ ನಿಮ್ಮ ಕಚೇರಿಯವರು ನಮ್ಮ ನರ್ಸರಿಯ ಗೋಡೆಗೆ ಅಂಟಿಸಿಹೋದ ನೋಟೀಸನ್ನು ನಾನು ನಾಲ್ಕು ಸಲ ಓದಿದೆ. ನಂಬಿಕೆ ಬಾರದೆ ಹೆಂಡತಿಯ ಕನ್ನಡಕ ಹಾಕಿಕೊಂಡು ಐದನೆಯ ಸಲವೂ ಓದಿದೆ. ‘ಸದರಿ ದುಡಿಮೆಯ ಪ್ರಾಣಿಯಿಂದ ಮಾಲೀಕರು ಯಾವುದೇ ಉಪಯೋಗ ಪಡೆಯುತ್ತಿಲ್ಲವಾದ ಕಾರಣ, ಅದು ನಿರ್ಲಕ್ಷ್ಯಕ್ಕೆ ಒಳಗಾಗುವ ಸಂಭವವಿದ್ದು, ಅದರ ಕಲ್ಯಾಣದ ಹಿತದೃಷ್ಟಿಯಿಂದ ಹದಿನೈದು ದಿನಗಳ ತರುವಾಯ ವಶಕ್ಕೆ ಪಡೆದು, ಉಪಯೋಗಿಸಿಕೊಳ್ಳಬಲ್ಲವರಿಗೆ ಹರಾಜಿನ ಮೂಲಕ ಹಸ್ತಾಂತರಿಸಲಾಗುವುದು.’ ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದರಂತೆ ಎಂಬ ಗಾದೆಯನ್ನು ಚಿಕ್ಕಂದಿನಿಂದ ಕೇಳಿದ್ದೆ. ಕೊಟ್ಟಿಗೆಯಲ್ಲಿ ನೆಮ್ಮದಿಯಾಗಿ ನಿಂತದ್ದನ್ನು ಬಿಚ್ಚಿಕೊಂಡು ಹೋಗಿ ಹೊರೆ ಹೊರಿಸು ಎನ್ನುವವರನ್ನು ಕಂಡದ್ದು ಈಗಲೇ.

ಮೊದಲು ನಾನು ಯಾರೆಂದು ಹೇಳಿಬಿಡುತ್ತೇನೆ. ನೂರಹನ್ನೆರಡು ಮೆಟ್ಟಿಲುಗಳ ಮೇಲೆ, ಯಾವ ವಾಹನವೂ ಹತ್ತಲಾರದ ಜಾಗದಲ್ಲಿ ಗಿಡಗಳ ನರ್ಸರಿ ಇಟ್ಟುಕೊಂಡಿರುವ ಮನುಷ್ಯ ನಾನು. ಇಂಥ ಕಡೆ ನರ್ಸರಿ ಇಡುವವನಿಗೆ ತಲೆ ಸರಿಯಿಲ್ಲ ಎಂದು ನನ್ನ ಹೆಂಡತಿ ಮದುವೆಯಾದಂದಿನಿಂದ ಹೇಳುತ್ತಿದ್ದಾಳೆ, ನೀವು ಬೇರೆ ಹೇಳಬೇಕಾಗಿಲ್ಲ. ಜಾಗ ಅಪ್ಪನದು, ಬಿಸಿಲು ಚೆನ್ನಾಗಿ ಬೀಳುತ್ತದೆ, ಗಿಡಗಳಿಗೆ ಮೆಟ್ಟಿಲು ಎಣಿಸುವ ಕಷ್ಟವಿಲ್ಲ. ಆದರೆ ಗೊಬ್ಬರ, ಮಣ್ಣು, ಕುಂಡ ಎಲ್ಲವೂ ಕೆಳಗಿನ ರಸ್ತೆಯಿಂದ ಮೇಲೆ ಬರಬೇಕು, ಮಾರಿದ ಗಿಡ ಮೇಲಿನಿಂದ ಕೆಳಗೆ ಹೋಗಬೇಕು. ಹನ್ನೊಂದು ವರ್ಷ ಈ ಹತ್ತಿಳಿಯುವ ಕೆಲಸ ಮಾಡಿದವಳು ನಮ್ಮ ಕತ್ತೆ. ಅವಳನ್ನು ನಾವು ಮೇಡಂ ಎಂದು ಕರೆಯುತ್ತೇವೆ. ಬಂದ ಮೊದಲ ದಿನವೇ ಮೆಟ್ಟಿಲ ಬುಡದಲ್ಲಿ ಮುಕ್ಕಾಲು ಗಂಟೆ ನಿಂತು ನಮ್ಮನ್ನೆಲ್ಲ ಕಾಯಿಸಿದಳು, ಹಾಗೆ ಕಾಯಿಸುವವರನ್ನು ನಾವು ಇನ್ನೇನೆಂದು ತಾನೇ ಕರೆಯುತ್ತೇವೆ?

ಈ ಹನ್ನೊಂದು ವರ್ಷವೂ ನಾನು ನಿಮ್ಮ ಇಲಾಖೆಯ ಕಣ್ಮಣಿಯಾಗಿದ್ದೆ. ಹೊರೆ ಐವತ್ತು ಕಿಲೋ ಮೀರಬಾರದು ಎಂದಿರಿ, ನಾನು ನಲವತ್ತೈದಕ್ಕೇ ನಿಲ್ಲಿಸಿದೆ. ಎರಡು ಸಲ ಹತ್ತಿದ ಮೇಲೆ ಅರ್ಧ ಗಂಟೆ ವಿಶ್ರಾಂತಿ ಎಂದಿರಿ, ಅಷ್ಟು ಹೊತ್ತು ನಾನೂ ಅವಳ ಪಕ್ಕದಲ್ಲಿ ಕೂತು ನಿಯಮ ಪಾಲಿಸಿದೆ. ಆರು ವಾರಕ್ಕೊಮ್ಮೆ ಗೊರಸು ಕತ್ತರಿಸಿ ಎಂದಿರಿ, ನನ್ನ ಉಗುರು ಕತ್ತರಿಸುವುದನ್ನು ಮರೆತರೂ ಅವಳದನ್ನು ಮರೆಯಲಿಲ್ಲ. ವರ್ಷಕ್ಕೊಮ್ಮೆ ನೀವು ‘ಅತ್ಯುತ್ತಮ ನಿರ್ವಹಣೆ’ ಎಂಬ ಪ್ರಮಾಣಪತ್ರ ಕೊಟ್ಟಿರಿ. ನಾನು ಹನ್ನೊಂದಕ್ಕೂ ಚೌಕಟ್ಟು ಹಾಕಿಸಿ, ಗಿರಾಕಿಗಳ ಕಣ್ಣಿಗೆ ಬೀಳುವ ಹಾಗೆ ಸಾಲಾಗಿ ತೂಗುಹಾಕಿದೆ. ಹೆಂಡತಿ ಅದರ ಧೂಳು ಒರೆಸುವಾಗಲೆಲ್ಲ ಹೇಳುತ್ತಿದ್ದಳು: “ನನ್ನ ಹೊರೆ ಎಷ್ಟು ಕಿಲೋ ಅಂತ ಯಾರಾದ್ರೂ ಬಂದು ತೂಗಿದ್ದಿದ್ರೆ ಇಷ್ಟೊತ್ತಿಗೆ ನಿಮ್ಮನ್ನ ಒಳಗೆ ಹಾಕಿರೋರು.”

ಎಲ್ಲವೂ ಹೀಗೆ ಸುಖವಾಗಿಯೇ ನಡೆಯುತ್ತಿತ್ತು. ಅಷ್ಟರಲ್ಲಿ ನನ್ನ ಭಾವ ಬಂದರು. ಭಾವ ಎಂದರೆ ಹೆಂಡತಿಯ ಅಣ್ಣ, ನೂಲಿನ ಗಿರಣಿಯಲ್ಲಿ ಮೂವತ್ತೆಂಟು ವರ್ಷ ದುಡಿದು, ಅದರಲ್ಲಿ ಇಪ್ಪತ್ತು ವರ್ಷ ಕಾರ್ಮಿಕ ಸಂಘದ ಕಾರ್ಯದರ್ಶಿಯಾಗಿದ್ದು ನಿವೃತ್ತರಾದವರು. ಎರಡು ದಿನ ಇದ್ದು ಹೋಗುತ್ತೇನೆ ಎಂದು ಬಂದವರು, ಎಂಟು ತಿಂಗಳಾಯಿತು, ಇನ್ನೂ ಎರಡು ದಿನ ಮುಗಿದಿಲ್ಲ. ನಾನು ಅವರಿಗೆ ಪ್ರಮಾಣಪತ್ರಗಳ ಸಾಲನ್ನು ಹೆಮ್ಮೆಯಿಂದ ತೋರಿಸಿದೆ. ಅವರು ಒಂದೊಂದನ್ನೂ ಓದಿ, ಕೈಕಟ್ಟಿ ನಿಂತು, “ಎಲ್ಲಾ ಸರಿ. ಇದರಲ್ಲಿ ಅವಳ ಸಹಿ ಎಲ್ಲಿದೆ?” ಎಂದು ಕೇಳಿದರು.

ನಾನು ನಕ್ಕೆ. ಅವರು ನಗಲಿಲ್ಲ. “ನಮ್ಮ ಗಿರಣಿಯಲ್ಲೂ ಒಬ್ಬ ಕಲ್ಯಾಣಾಧಿಕಾರಿ ಇದ್ದ ಕಣೋ. ಪಾಪ, ಒಳ್ಳೇ ಮನುಷ್ಯ. ತಿಂಗಳಿಗೊಂದು ಸೋಪು ಕೊಡೋನು. ವಾರಕ್ಕೊಂದು ದಿನ ರಜಾ ಬೇಕು ಅಂದ್ವಿ. ಎರಡು ಸೋಪು ಕೊಟ್ಟ. ಹನ್ನೆರಡು ಗಂಟೆ ದುಡಿಯಕ್ಕೆ ಆಗಲ್ಲ ಅಂದ್ವಿ. ಘಮಘಮ ಅನ್ನೋ ಸೋಪು ತರಿಸಿ ಕೊಟ್ಟ. ಅದು ಕಲ್ಯಾಣ. ಕೊನೆಗೊಂದು ದಿನ ಯಂತ್ರ ನಿಲ್ಲಿಸಿ ಎಲ್ಲಾರೂ ಕೆಳಗೆ ಕೂತ್ವಿ. ಅದು ಹಕ್ಕು. ಸೋಪು ನಿಂತುಹೋಯ್ತು, ರಜಾ ಸಿಕ್ತು.”

“ಹಾಗಾದ್ರೆ ಸೋಪು ಕೊಟ್ಟಿದ್ದು ತಪ್ಪಾ ಭಾವ?”

“ತಪ್ಪು ಯಾಕೆ? ಸೋಪು ಒಳ್ಳೇದೇ. ಮೈ ಕೊಳೆಯಾದೋನಿಗೆ ಬೇಕೇ ಬೇಕು. ಆದ್ರೆ ಸೋಪು ಕೊಟ್ಟೋನು, ಮೈ ಯಾಕೆ ಇಷ್ಟು ಕೊಳೆಯಾಗತ್ತೆ ಅಂತ ಒಂದಿನಾನೂ ಕೇಳ್ಲಿಲ್ಲ.”

ಮಾನ್ಯರೇ, ನಾನು ಸುಲಭಕ್ಕೆ ಸೋಲುವವನಲ್ಲ. ನಾವು ಮೇಡಂ ಅವರನ್ನು ಕೇಳಿಯೇ ಹೊರೆ ಹೊರಿಸುತ್ತೇವೆ ಎಂದು ವಾದಿಸಿದೆ. ಇದು ಸುಳ್ಳಲ್ಲ. ನಮ್ಮ ಮನೆಯಲ್ಲಿ ಅಪ್ಪನ ಕಾಲದಿಂದ ಒಂದು ಪದ್ಧತಿಯಿದೆ, ಅದಕ್ಕೆ ಹೊರೆ ತೋರಿಸುವುದು ಎನ್ನುತ್ತೇವೆ. ಚೀಲವನ್ನು ಬೆನ್ನ ಮೇಲೆ ಎತ್ತಿಹಾಕುವ ಮೊದಲು ಕತ್ತೆಯ ಮೂಗಿನ ಮುಂದೆ ಹಿಡಿಯಬೇಕು. ಅದು ಮೂಸಿ ನೋಡಿ ಮುಖ ತಿರುಗಿಸಿದ ಮೇಲೆಯೇ ಹೊರಿಸಬೇಕು. ಅಕ್ಕಪಕ್ಕದಲ್ಲಿ ಕತ್ತೆ ಇಟ್ಟುಕೊಂಡ ಯಾರ ಮನೆಯಲ್ಲೂ ಈ ಮರ್ಯಾದೆ ಇಲ್ಲ. ಅವರೆಲ್ಲ ಹಿಂದಿನಿಂದ ಬಂದು ದಬಕ್ಕೆಂದು ಹೇರುತ್ತಾರೆ. “ಪ್ರಾಣಿ ಆದ್ರೇನು, ಹೇಳಿ ಕೇಳಿ ಹೊರಿಸ್ಬೇಕು” ಎನ್ನುತ್ತಿದ್ದರು ಅಪ್ಪ. ಆ ಪದ್ಧತಿಯನ್ನು ನಾನು ಒಂದು ದಿನವೂ ತಪ್ಪಿಸಿಲ್ಲ.

ಮರುದಿನ ಭಾವ ಮೆಟ್ಟಿಲ ಬುಡಕ್ಕೆ ಇಳಿದು ಬಂದರು. ಅಲ್ಲಿ ಒಬ್ಬ ದರ್ಜಿಯ ಅಂಗಡಿಯಿದೆ. ಅವನ ಬೆಂಚಿನ ಮೇಲೆ ಕೂತು ನೋಡಿದರು. ನಾನು ಗೊಬ್ಬರದ ಚೀಲ ತೋರಿಸಿದೆ. ಮೇಡಂ ಮೂಸಿದಳು, ಮುಖ ತಿರುಗಿಸಿದಳು. ನಾನು ಹೊರಿಸಿದೆ.

“ಮುಖ ತಿರುಗಿಸಿದ್ಲಲ್ಲ, ಅದಕ್ಕೇನರ್ಥ?” ಎಂದರು ಭಾವ.

“ಆಯ್ತು ಅಂತ ಅರ್ಥ.”

“ಯಾರು ಹೇಳಿದ್ದು?”

“ಅಪ್ಪ ಹೇಳಿದ್ದು.”

“ಅವಳು ಹೇಳಿದ್ಲಾ? ಡಾಕ್ಟ್ರು ಕೊಟ್ಟ ಕಹಿ ಔಷಧಿ ನಿನ್ನ ಬಾಯಿ ಹತ್ರ ತಂದಾಗ ನೀನು ಮುಖ ತಿರುಗಿಸ್ತೀಯಲ್ಲ, ಅದೂ ಆಯ್ತು ಅಂತಾನಾ?”

ದರ್ಜಿ ಹೊಲಿಗೆ ನಿಲ್ಲಿಸಿ, “ಹೌದಲ್ವಾ ಸ್ವಾಮಿ” ಎಂದ. ಅವನ ಹೌದಲ್ವಾ ಇದೆಯಲ್ಲ, ಅದು ನನ್ನ ಎದೆಗೆ ಬಡಿಯಿತು. ದಿನಕ್ಕೆ ನಾಲ್ಕು ಸಲ, ವರ್ಷಕ್ಕೆ ಮುನ್ನೂರು ದಿನ, ಹನ್ನೊಂದು ವರ್ಷ. ಹದಿಮೂರು ಸಾವಿರ ಸಲ ನಾನು ಒಂದು ಜೀವಿಯನ್ನು ಬಹಳ ವಿನಯದಿಂದ ‘ಆಗಬಹುದೇ’ ಎಂದು ಕೇಳಿದ್ದೆ. ಹದಿಮೂರು ಸಾವಿರ ಸಲ ಅವಳು ಬೇಡವೆಂದಿದ್ದಳು. ನಾನು ಪ್ರತಿ ಸಲವೂ ಧನ್ಯವಾದ ಹೇಳಿ ಚೀಲ ಎತ್ತಿ ಹಾಕಿದ್ದೆ. ಕೇಳದೆ ಹೇರುವವನಾದರೂ ವಾಸಿ, ಅವನು ಒರಟ ಅಷ್ಟೇ. ಕೇಳಿ, ಉತ್ತರ ಪಡೆದು, ಅದನ್ನು ತಿರುವಿ ಓದಿಕೊಂಡ ನಾನು ಯಾರು? ನನಗೆ ಅಂದು ಊಟ ಸೇರಲಿಲ್ಲ. ಇದನ್ನು ನಾಟಕಕ್ಕಾಗಿ ಬರೆಯುತ್ತಿಲ್ಲ, ನಿಜವಾಗಿಯೂ ಸೇರಲಿಲ್ಲ.

ಆದರೂ ಭಾವನ ಮಾತನ್ನು ಪರೀಕ್ಷಿಸದೆ ಒಪ್ಪುವುದು ಹೇಗೆ? ಒಂದು ವಾರ ಹೊರೆ ತೋರಿಸಿ ಅವಳ ಉತ್ತರದಂತೆ ನಡೆಯುವುದೆಂದು ತೀರ್ಮಾನವಾಯಿತು. ಸೋಮವಾರ ಗೊಬ್ಬರ ತೋರಿಸಿದೆ, ಮುಖ ತಿರುಗಿಸಿದಳು. ಮಂಗಳವಾರ ಅರ್ಧ ಚೀಲ ತೋರಿಸಿದೆ, ತಿರುಗಿಸಿದಳು. ಬುಧವಾರ ಬರೀ ಚೀಲ ತೋರಿಸಿದೆ, ಅದಕ್ಕೂ ತಿರುಗಿಸಿದಳು. ಗುರುವಾರ ಹಸಿ ಹುಲ್ಲು ತುಂಬಿದ ಚೀಲ ತೋರಿಸಿದೆ. ಈ ಸಲ ಮುಖ ತಿರುಗಿಸಲಿಲ್ಲ, ಹುಲ್ಲನ್ನೂ ತಿಂದಳು, ಚೀಲದ ಬಾಯಿಯನ್ನೂ ತಿಂದಳು. ಅಲ್ಲಿಗೆ ಅವಳಿಗೆ ಹೌದು ಎನ್ನುವುದೂ ಗೊತ್ತು ಎಂದು ಸಾಬೀತಾಯಿತು. ಕತ್ತೆಗೇನು ಗೊತ್ತು ಕಸ್ತೂರಿ ಪರಿಮಳ ಎನ್ನುವವರು ಅಂದು ಅಲ್ಲಿರಬೇಕಿತ್ತು. ಕಸ್ತೂರಿ ಹೋಗಲಿ, ಗೊಬ್ಬರದ ಪರಿಮಳ ಅವಳಿಗೆ ಚೆನ್ನಾಗಿಯೇ ಗೊತ್ತಿತ್ತು. ಗೊತ್ತಿಲ್ಲದವನು ನಾನು.

ಶನಿವಾರ ಕೈಯಿಂದ ತಿರುಗಿಸುವ ಒಂದು ರಾಟೆ ತಂದು ಮೆಟ್ಟಿಲ ತಲೆಗೆ ಕಟ್ಟಿಸಿದೆ. ಅಂದಿನಿಂದ ಅರ್ಧ ಸಾಮಾನು ರಾಟೆಯಲ್ಲಿ ಬರುತ್ತದೆ, ಅದರಲ್ಲಿ ಹಿಡಿಸದ್ದು ನನ್ನ ಬೆನ್ನ ಮೇಲೆ ಬರುತ್ತದೆ. ಎರಡನೆಯ ತಿಂಗಳಿಗೇ ಬೆನ್ನು ಹಿಡಿದುಕೊಂಡಿತು. ಡಾಕ್ಟರು ಪರೀಕ್ಷಿಸಿ, ಹದಿನೈದು ಕಿಲೋ ಮೀರಬಾರದು, ಎರಡು ಸಲ ಹತ್ತಿದ ಮೇಲೆ ಅರ್ಧ ಗಂಟೆ ವಿಶ್ರಾಂತಿ, ನೆರಳಲ್ಲಿ ಇರಬೇಕು, ನೀರು ಚೆನ್ನಾಗಿ ಕುಡಿಯಬೇಕು ಎಂದು ಬರೆದುಕೊಟ್ಟರು. ಚೀಟಿ ಓದಿದ ಹೆಂಡತಿ, “ಸದ್ಯ, ಗೊರಸು ಕತ್ತರಿಸಿ ಅಂತ ಬರೀಲಿಲ್ಲ” ಎಂದಳು. ಅಂದಹಾಗೆ ನಾನು ಚೀಲ ಹೊತ್ತು ಹತ್ತುವಾಗ ಮೇಡಂ ಮೇಲಿನ ಕಟ್ಟೆಯ ಬಳಿ ನಿಂತು ನೋಡುತ್ತಿರುತ್ತಾಳೆ. ಅವಳ ಮುಖದಲ್ಲಿ ಕರುಣೆಯಿದೆ ಎನ್ನಲಾರೆ, ಕುತೂಹಲವಂತೂ ಇದೆ.

ನಾನೇನು ಸಾಧುಸಂತನಲ್ಲ ಎಂಬುದನ್ನೂ ಇಲ್ಲೇ ಒಪ್ಪಿಕೊಳ್ಳುತ್ತೇನೆ. ನನ್ನ ಚಪ್ಪಲಿ ಚರ್ಮದ್ದು. ನನ್ನ ನರ್ಸರಿಯಲ್ಲಿ ಎಳೆ ಸಸಿ ತಿನ್ನುವ ಬಸವನಹುಳುಗಳನ್ನು ನಾನು ಇವತ್ತಿಗೂ ಉಪ್ಪು ಹಾಕಿ ಸಾಯಿಸುತ್ತೇನೆ. ಅವಕ್ಕೂ ಹಕ್ಕು ಇದೆಯಾ ಎಂದು ಭಾವನನ್ನು ಕೇಳಿದೆ. ಅವರು, “ಮೊದಲು ಒಂದು ಸಂಘ ನೋಂದಣಿ ಆಗ್ಲಿ, ಆಮೇಲೆ ಇನ್ನೊಂದು” ಎಂದರು. ಅಡ್ಡಗೋಡೆಯ ಮೇಲೆ ದೀಪ ಇಟ್ಟಂಥ ಈ ಉತ್ತರ ನನಗೆ ತೃಪ್ತಿ ಕೊಟ್ಟಿಲ್ಲ. ಆದರೆ ಎಲ್ಲ ಪ್ರಶ್ನೆಗೂ ಉತ್ತರ ಸಿಗುವ ತನಕ ಗೊತ್ತಾದ ಒಂದು ಉತ್ತರವನ್ನೂ ಪಾಲಿಸಬಾರದು ಎಂಬ ನಿಯಮ ಇದ್ದರೆ, ಅದು ನಿಮ್ಮ ಕಚೇರಿಯಲ್ಲಿ ಮಾತ್ರ ಇರಲು ಸಾಧ್ಯ.

ಈಗ ನಿಮ್ಮ ಕಚೇರಿಯ ವಿಷಯಕ್ಕೇ ಬರುತ್ತೇನೆ. ಕತ್ತೆ ಸಾಕುವ ಪರವಾನಗಿಯ ನವೀಕರಣಕ್ಕೆ ನಾನೇ ಅರ್ಜಿ ತುಂಬಿದೆ. ಒಂಬತ್ತನೆಯ ಕಾಲಂ, ‘ಪ್ರಾಣಿಯ ಉಪಯೋಗ’. ಅದರ ಕೆಳಗೆ ಹೊರೆ, ಗಾಡಿ, ಸಂತಾನ, ಪ್ರದರ್ಶನ, ಮಾರಾಟ ಎಂದು ಐದು ಆಯ್ಕೆ. ನಾನು ಐದನ್ನೂ ಹೊಡೆದುಹಾಕಿ ‘ಇಲ್ಲ’ ಎಂದು ಬರೆದೆ. ಕಿಟಕಿಯ ಹಿಂದಿನ ಗುಮಾಸ್ತರು ಅರ್ಜಿಯನ್ನು ಹಿಂದಕ್ಕೆ ತಳ್ಳಿದರು.

“ಏನಾದ್ರೂ ಒಂದು ಬರೀರಿ. ಇಲ್ಲ ಅಂತ ಬರೆಯೋ ಹಾಗಿಲ್ಲ.”

“ಏನೂ ಮಾಡಿಸ್ತಿಲ್ಲ ಸಾರ್. ಸುಮ್ನೆ ಇದ್ದಾಳೆ.”

“ಸುಮ್ನೆ ಇರೋದಕ್ಕೆ ಕಾಲಂ ಇಲ್ಲ.”

“ನಿಮ್ಮ ಕಚೇರೀಲಿ ಸುಮ್ನೆ ಇರೋದಕ್ಕೆ ಕಾಲಂ ಇಲ್ವಾ?” ಎಂದು ಕೇಳಿಬಿಟ್ಟೆ. ಈ ಮಾತು ಆಡಬಾರದಿತ್ತು. ಕ್ಷಮೆಯಿರಲಿ. ಅವರು ಅರ್ಜಿಯನ್ನು ಹಾಗೆಯೇ ತೆಗೆದುಕೊಂಡು ಠಸ್ಸೆ ಒತ್ತಿದ ರಭಸಕ್ಕೆ ಮೇಜಿನ ಮೇಲಿದ್ದ ಚಹಾದ ಲೋಟ ಅಲ್ಲಾಡಿತು.

ನಾಲ್ಕೇ ದಿನಕ್ಕೆ ನಿಮ್ಮ ಪರಿವೀಕ್ಷಕರು ಅಳತೆಪಟ್ಟಿ ಹಿಡಿದು ಬಂದರು. ಒಳ್ಳೆಯ ಮನುಷ್ಯ, ಆದರೆ ಪ್ರಾಣಿಗಳ ಕೂದಲು ಹತ್ತಿರ ಬಂದರೆ ಸೀನುತ್ತಾರೆ. ಇಂಥವರನ್ನು ಹುಡುಕಿ ಈ ಹುದ್ದೆಗೇ ಹಾಕಿದವರ ಜಾಣ್ಮೆಯನ್ನು ಮೆಚ್ಚಲೇಬೇಕು. ಕೊಟ್ಟಿಗೆಯ ಉದ್ದಗಲ ಅಳೆದರು, ಸರಿಯಿತ್ತು. ನೀರಿನ ತೊಟ್ಟಿ ನೋಡಿದರು, ಸರಿಯಿತ್ತು. ಹೊರೆಯ ತೂಕ ಸೊನ್ನೆ ಎಂದೆ. “ಸೊನ್ನೆ ಐವತ್ತಕ್ಕಿಂತ ಕಡಿಮೆ, ಹಾಗಾದ್ರೆ ನಿಯಮದ ಒಳಗೇ ಇದೆ” ಎಂದು ಬರೆದುಕೊಂಡರು. ವಿಶ್ರಾಂತಿ ದಿನಕ್ಕೆ ಎಷ್ಟು ಗಂಟೆ ಎಂದರು. ಇಪ್ಪತ್ನಾಲ್ಕು ಎಂದೆ. ಅಲ್ಲಿ ಅವರ ಪೆನ್ನು ನಿಂತಿತು. ವಿಶ್ರಾಂತಿ ಅಂದರೆ ಎರಡು ಕೆಲಸಗಳ ನಡುವಿನ ಬಿಡುವು, ಕೆಲಸವೇ ಇಲ್ಲದಿದ್ದರೆ ಅದನ್ನು ವಿಶ್ರಾಂತಿ ಎನ್ನಲು ಬರುವುದಿಲ್ಲ ಎಂದು ವಿವರಿಸಿ, ಆ ಜಾಗದಲ್ಲಿಯೂ ಸೊನ್ನೆ ಬರೆದರು. ನೋಡಿ ಮಾನ್ಯರೇ, ಹೀಗೆ ನನ್ನ ಕತ್ತೆ ಒಂದು ನಿಮಿಷವೂ ವಿಶ್ರಾಂತಿ ಸಿಗದ ಕತ್ತೆಯಾದಳು.

ಹೊರಡುವಾಗ ಅವರು ನನ್ನನ್ನು ಪಕ್ಕಕ್ಕೆ ಕರೆದರು. “ನೋಡಿ, ನಿಮ್ಮ ಮೇಲೆ ನಂಗೇನೂ ಕೋಪ ಇಲ್ಲ. ಬೆನ್ನ ಮೇಲೆ ಏನಾದ್ರೂ ಒಂದಿಟ್ಟು ಒಂದು ಫೋಟೋ ತೆಗೆದು ಕಳಿಸ್ಬಿಡಿ. ಉಪಯೋಗ ಇದೆ ಅಂತ ಬರ್ಕೋತೀನಿ. ಎಲ್ಲಾ ಮುಗೀತು” ಎಂದು ಮೂರು ಸಲ ಸೀನಿ ಮೆಟ್ಟಿಲಿಳಿದರು.

ನೋಟೀಸು ಬಂದ ಮೇಲೆ ನಮ್ಮ ಮನೆಯಲ್ಲಿ ನಡೆದ ಚರ್ಚೆ ಇದೇ. ಬೀಸುವ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು. “ಒಂದು ಪುಟ್ಟ ಕುಂಡ ಇಡಿ, ಫೋಟೋ ಹೊಡೀರಿ, ಇಳಿಸಿ. ಅವಳನ್ನ ಯಾರೋ ಎಳ್ಕೊಂಡು ಹೋಗೋದಕ್ಕಿಂತ ಅದು ಮೇಲಲ್ವಾ?” ಎಂದಳು ಹೆಂಡತಿ. ಅವಳ ಕಣ್ಣು ತುಂಬಿತ್ತು. ಹರಾಜಿನಲ್ಲಿ ಕೂಗುವವರು ಯಾರೆಂದು ಅವಳಿಗೂ ಗೊತ್ತು, ನಿಮಗೂ ಗೊತ್ತು. ಹದಿನಾಲ್ಕು ದಾಟಿದ, ಮೊಣಕಾಲು ಸವೆದ ಕತ್ತೆಯನ್ನು ಇಟ್ಟಿಗೆ ಸುಡುವವರು ಒಂದು ವರ್ಷ ದುಡಿಸುತ್ತಾರೆ, ಎರಡನೆಯ ವರ್ಷ ಅದು ಇರುವುದಿಲ್ಲ. ಅಷ್ಟು ದಿನವೂ ಹೊರೆ ಐವತ್ತು ಕಿಲೋ ಮೀರದಿದ್ದರೆ ನಿಮ್ಮ ದಾಖಲೆಯಲ್ಲಿ ಅವಳು ಸುಖವಾಗಿಯೇ ಇದ್ದಳು ಎಂದಾಗುತ್ತದೆ.

ನಾನು ಒಂದು ಕೈಯಲ್ಲಿ ಅಂಗೈಯಗಲದ ಕುಂಡ, ಇನ್ನೊಂದು ಕೈಯಲ್ಲಿ ಫೋನು ಹಿಡಿದು ಕೊಟ್ಟಿಗೆಗೆ ಹೋದೆ. ಕುಂಡದಲ್ಲಿ ಎರಡೆಲೆಯ ಚೆಂಡುಹೂವಿನ ಸಸಿ, ಎಲ್ಲ ಸೇರಿ ಕಾಲು ಕಿಲೋ ಇರಲಿಕ್ಕಿಲ್ಲ. ಅಭ್ಯಾಸಬಲದಿಂದ ಅವಳ ಮೂಗಿನ ಮುಂದೆ ಹಿಡಿದೆ. ಮೂಸಿದಳು. ನಾನು ಮನಸ್ಸಿನಲ್ಲೇ ಬೇಡಿಕೊಂಡೆ: ಇದೊಂದು ಸಲ ತಿಂದುಬಿಡು ತಾಯಿ, ಹೌದು ಅಂದೆ ಅಂದುಕೊಳ್ಳುತ್ತೇನೆ. ಅವಳು ನಿಧಾನವಾಗಿ ಮುಖ ತಿರುಗಿಸಿದಳು. ಕುಂಡ ಹಿಡಿದ ಕೈ ಅಲ್ಲೇ ನಿಂತಿತು. ಇಡಲು ನನ್ನಿಂದಾಗಲಿಲ್ಲ. ಹದಿಮೂರು ಸಾವಿರ ಸಲ ಗೊತ್ತಿಲ್ಲದೆ ಮಾಡಿದ್ದನ್ನು ಗೊತ್ತಿದ್ದೂ ಒಂದು ಸಲ ಮಾಡುವುದು ಅದಕ್ಕಿಂತ ದೊಡ್ಡ ತಪ್ಪು ಎನಿಸಿತು. ಕೊಟ್ಟಿಗೆಯ ಹೊಸ್ತಿಲ ಮೇಲೆ ಕೂತು ಅತ್ತೆ. ಐವತ್ತೆಂಟು ವರ್ಷದ ಗಂಡಸು ಕತ್ತೆಗಾಗಿ ಅತ್ತ ಎಂದು ನಿಮ್ಮ ಕಡತದಲ್ಲಿ ಬೇಕಾದರೆ ಬರೆದುಕೊಳ್ಳಿ.

ಉಪಯೋಗವಿಲ್ಲದ್ದನ್ನು ಯಾರು ತಾನೇ ಚೆನ್ನಾಗಿ ನೋಡಿಕೊಳ್ಳುತ್ತಾರೆ ಎಂಬುದು ನಿಮ್ಮ ನೋಟೀಸಿನ ತರ್ಕ. ನನ್ನ ಸೋದರಮಾವನಿಗೆ ಎಂಬತ್ತಾರು. ಬೆಳಿಗ್ಗೆ ಎದ್ದು ಪತ್ರಿಕೆ ಓದಿ ಎಲ್ಲರನ್ನೂ ಬೈಯುವುದನ್ನು ಬಿಟ್ಟರೆ ಅವರಿಂದ ಯಾರಿಗೂ ಯಾವ ಉಪಯೋಗವೂ ಇಲ್ಲ. ಅವರನ್ನು ಯಾರಿಗೆ ಹಸ್ತಾಂತರಿಸುತ್ತೀರಿ? ನೀವೂ ಒಂದು ದಿನ ನಿವೃತ್ತರಾಗುತ್ತೀರಲ್ಲ, ಆಗ ನಿಮ್ಮ ಮನೆಯವರು ಒಂಬತ್ತನೆಯ ಕಾಲಂನಲ್ಲಿ ಏನು ಬರೆಯಬೇಕು? ಯಾವುದೋ ಒಂದು ಕೆಲಸಕ್ಕೆ ಬರುತ್ತದೆ ಎಂಬ ಕಾರಣಕ್ಕೆ ಅದನ್ನು ಚೆನ್ನಾಗಿ ನೋಡಿಕೊಳ್ಳುವುದು ನಿಮ್ಮ ಇಲಾಖೆಯ ಕೆಲಸ, ಅದನ್ನು ಹಳಿಯುವುದಿಲ್ಲ. ಒರಟರ ಕೈಯಿಂದ ಎಷ್ಟೋ ಪ್ರಾಣಿಗಳ ಬೆನ್ನು ಉಳಿದಿರುವುದು ನಿಮ್ಮ ಅಳತೆಪಟ್ಟಿಯಿಂದಲೇ. ಆದರೆ ಏನಕ್ಕೂ ಬಾರದೆಯೂ ತನ್ನ ಪಾಡಿಗೆ ತಾನು ಇರುವುದು ಅವಳ ಹಕ್ಕು ಎಂದಾದ ಮೇಲೆ, ಅಳೆಯಲು ಏನೂ ಉಳಿಯುವುದಿಲ್ಲ. ನಿಮಗೆ ಭಯವಾಗಿರುವುದು ಅದಕ್ಕೇ ಎಂದು ನನ್ನ ಅನುಮಾನ.

ಆದ್ದರಿಂದ ನನ್ನ ಬೇಡಿಕೆ ಇಷ್ಟು. ನೋಟೀಸನ್ನು ಬರಹದಲ್ಲಿ ಹಿಂತೆಗೆದುಕೊಳ್ಳಿ. ಅರ್ಜಿಯಲ್ಲಿ ‘ಇಲ್ಲ’ ಎಂಬ ಆರನೆಯ ಆಯ್ಕೆಯನ್ನು ಅಚ್ಚು ಹಾಕಿಸಿ, ಅದನ್ನು ಆರಿಸಿಕೊಂಡವರ ಮನೆಗೆ ಲಾರಿ ಕಳಿಸಬೇಡಿ. ನಿಮ್ಮ ನಿಯಮ ದುಡಿಮೆಯ ಪ್ರಾಣಿಗಳ ಮಾಲೀಕರಿಗೆ ಅನ್ವಯಿಸುತ್ತದೆ ಎಂದು ಗುಮಾಸ್ತರು ಹೇಳಿದರು. ಒಳ್ಳೆಯದು. ಇಂದಿನಿಂದ ನಾನು ಮಾಲೀಕನಲ್ಲ ಎಂದು ಈ ಪತ್ರದ ಮೂಲಕ ಸಾರ್ವಜನಿಕವಾಗಿ ಘೋಷಿಸುತ್ತಿದ್ದೇನೆ. ಮೇವು, ನೀರು, ಗೊರಸಿನ ಜವಾಬ್ದಾರಿ ನನ್ನದೇ. ಅವಳು ಮಾತ್ರ ನನ್ನವಳಲ್ಲ.

ಬರುವ ಮಂಗಳವಾರಕ್ಕೆ ಹದಿನೈದು ದಿನ ತುಂಬುತ್ತದೆ. ನಿಮ್ಮವರು ಬರಲಿ, ಹಗ್ಗ ಹಾಕದೆ ಕರೆಯಲಿ. ಅವಳಾಗಿ ಹೊರಟರೆ ತಡೆಯುವುದಿಲ್ಲ. ಹೊರಡದಿದ್ದರೆ ಬಂದ ದಾರಿಗೆ ಸುಂಕವಿಲ್ಲ ಎಂದು ಹಿಂತಿರುಗಬೇಕು. ನಿಮಗೆ ಹಾಕಿದ ಷರತ್ತು ನನಗೂ ಅನ್ವಯಿಸಬೇಕಲ್ಲವೇ? ನಮ್ಮ ನರ್ಸರಿಯ ಹಿಂದೆ ಒಂದು ಸಣ್ಣ ಬಾಗಿಲಿದೆ, ಆಚೆ ಹುಲ್ಲಿನ ಇಳಿಜಾರು, ಅದರಾಚೆ ಎಲ್ಲಿಗೆ ಹೋಗುತ್ತದೋ ನಾನು ನೋಡಿಲ್ಲ. ಇಷ್ಟು ವರ್ಷ ಅದಕ್ಕೆ ಚಿಲಕ ಹಾಕಿಯೇ ಇತ್ತು. ಇವತ್ತು ಬೆಳಿಗ್ಗೆ ಕಾಗದ ಪೆನ್ನು ಹಿಡಿಯುವ ಮೊದಲು ಅದನ್ನು ತೆಗೆದಿಟ್ಟೆ. ಈಗ ಅವಳು ಆ ಬಾಗಿಲಲ್ಲಿ, ಮುಂಗಾಲು ಹೊರಗೂ ಹಿಂಗಾಲು ಒಳಗೂ ಇಟ್ಟು ನಿಂತಿದ್ದಾಳೆ. ಬಾ ಎನ್ನಲು ಮೂರು ಸಲ ಬಾಯಿ ತೆರೆದೆ. ಇನ್ನೂ ಕರೆದಿಲ್ಲ.

ಇಂತಿ,
ನಿನ್ನೆಯವರೆಗೆ ಮಾಲೀಕನಾಗಿದ್ದ,
ಗಿಡ ಮಾರುವವನು